ನೂರಿಪ್ಪತ್ತು ಅಂಗಿಗಳ ಲೆಕ್ಕ

ಕನ್ನಡದ ಅಧ್ಯಾಪಕನಾದವನಿಗೆ ಊರಿನಲ್ಲಿ ಬರುವ ಬಿನ್ನಹಗಳು ಬಗೆಬಗೆಯವು. ಮದುವೆಯ ಕರೆಯೋಲೆಯನ್ನು ತಿದ್ದಿಕೊಡಬೇಕು. ಸಹಕಾರಿ ಸಂಘದ ವಾರ್ಷಿಕ ವರದಿಯಲ್ಲಿ ಕಳೆದುಹೋದ ಕ್ರಿಯಾಪದವನ್ನು ಹುಡುಕಿಕೊಡಬೇಕು. ತೀರಿಕೊಂಡ ಹಿರಿಯರ ಸಮಾಧಿಯ ಕಲ್ಲಿನ ಮೇಲೆ ಏನು ಕೆತ್ತಿಸಿದರೆ ಚೆನ್ನ ಎಂದು ಹೇಳಬೇಕು. ಇವೆಲ್ಲಕ್ಕೂ ನಾನು ಒಗ್ಗಿಹೋದವನು. ಆದರೆ 2022ರ ಏಪ್ರಿಲ್ ತಿಂಗಳ ಒಂದು ಸಂಜೆ ನಮ್ಮ ಸಭೆಯ ಯುವಜನ ಸಂಘದ ಕಾರ್ಯದರ್ಶಿ ಮನೆಗೆ ಬಂದು, “ಮೇಷ್ಟ್ರೇ, ಅಂಗಿಯ ಎದೆಯ ಮೇಲೆ ಏನು ಬರೆಸೋಣ?” ಎಂದು ಕೇಳಿದಾಗ ತುಸು ತಬ್ಬಿಬ್ಬಾದುದು ನಿಜ. ಕಲ್ಲಿನ ಬರಹ ನೂರು ವರ್ಷ ನಿಲ್ಲುತ್ತದೆ, ಓದುವವರು ಕಡಮೆ. ಅಂಗಿಯ ಬರಹ ನಾಲ್ಕಾರು ಮಳೆಗಾಲಕ್ಕೆ ಮಾಸಿಹೋಗುತ್ತದೆ, ಆದರೆ ಅದನ್ನು ಓದುವವರು ಬೀದಿಯ ತುಂಬ ಇರುತ್ತಾರೆ. ಯಾವುದರಲ್ಲಿ ಹೆಚ್ಚು ಎಚ್ಚರ ಬೇಕು ಎಂಬುದನ್ನು ಆಗ ನಾನು ಯೋಚಿಸಿರಲಿಲ್ಲ.

ಸಭೆ ಎಂದೆನಲ್ಲ, ಅದು ಭಾಷಣದ ಸಭೆಯಲ್ಲ. ಒಂದು ದೇವಾಲಯಕ್ಕೆ ಸೇರಿದ ಕ್ರೈಸ್ತ ಕುಟುಂಬಗಳ ಸಮುದಾಯಕ್ಕೆ ನಾವು ಕರಾವಳಿಯ ಪ್ರಾಟೆಸ್ಟಂಟರು ಆ ಹೆಸರಿನಿಂದಲೇ ಕರೆಯುತ್ತೇವೆ. ನಮ್ಮದು ಬಾಸೆಲ್ ಮಿಶನ್ನಿನ ಪರಂಪರೆಯ, ನೂರು ಮನೆಗಳ ಸಣ್ಣ ಸಭೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಮಕ್ಕಳಿಗೂ ಯುವಕರಿಗೂ ಮೂರು ದಿನಗಳ ಶಿಬಿರ ನಡೆಯುತ್ತದೆ. ಕೊರೋನಾದ ಕಾರಣ 2020ರಲ್ಲೂ 2021ರಲ್ಲೂ ಅದು ನಡೆದಿರಲಿಲ್ಲ. ಎರಡು ವರ್ಷ ಮುಚ್ಚಿದ್ದ ಬಾಗಿಲು ತೆರೆಯುವಾಗ ಎಲ್ಲರೂ ಒಂದೇ ಬಗೆಯ ಅಂಗಿ ತೊಟ್ಟು ಬರಬೇಕೆಂದು ಹುಡುಗರಿಗೆ ಆಸೆಯಾಯಿತು. ಆಸೆ ತಪ್ಪಲ್ಲ. ನಾನು ಚಿಕ್ಕವನಾಗಿದ್ದಾಗ ದೇವಾಲಯದಲ್ಲಿ ಒಂದೇ ಬಗೆಯ ಉಡುಪೆಂದರೆ ಗಾಯನ ಮೇಳದವರ ಬಿಳಿಯ ನಿಲುವಂಗಿ ಮಾತ್ರ. ಈಗ ಶಿಬಿರಕ್ಕೊಂದು ಅಂಗಿ, ಕ್ರಿಸ್ಮಸ್ ಕಾಲದಲ್ಲಿ ಮನೆಮನೆಗೆ ಹಾಡುತ್ತ ಹೋಗುವವರಿಗೊಂದು, ಸುವರ್ಣ ಮಹೋತ್ಸವಕ್ಕೊಂದು. ನಮ್ಮವರದೇ ವಿಶೇಷವೇನೂ ಅಲ್ಲ. ಕಬಡ್ಡಿಯ ತಂಡಕ್ಕೂ, ಯಕ್ಷಗಾನ ಮಂಡಳಿಗೂ, ಗಣೇಶೋತ್ಸವದ ಸಮಿತಿಗೂ, ರಕ್ತದಾನ ಶಿಬಿರಕ್ಕೂ ಇಂದು ಅಚ್ಚುಹಾಕಿಸಿದ ಟೀ ಶರ್ಟು ಇಲ್ಲದೆ ನಡೆಯುವುದಿಲ್ಲ.

ಇದನ್ನು ಬರಿಯ ಶೋಕಿ ಎಂದು ತಳ್ಳಿಹಾಕುವ ಹಿರಿಯರಿದ್ದಾರೆ. ಸಮುದ್ರದ ದಂಡೆಗೆ ಎಪ್ಪತ್ತು ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋದವರು ಹಾಗೆನ್ನಲಾರರು. ಜನಜಂಗುಳಿಯಲ್ಲಿ ನಮ್ಮ ಮಕ್ಕಳು ಯಾರು, ಅಲೆಗೆ ಹತ್ತಿರವಾಗುತ್ತಿರುವವನು ನಮ್ಮವನೋ ಬೇರೆಯವರ ಮನೆಯವನೋ ಎಂದು ತಿಳಿಯಲು ಒಂದೇ ಬಣ್ಣಕ್ಕಿಂತ ಒಳ್ಳೆಯ ಉಪಾಯವಿಲ್ಲ. ಇನ್ನೊಂದು ವಾದವನ್ನೂ ಆ ದಿನ ನಾವೇ ಮುಂದಿಟ್ಟಿದ್ದೆವು: ಎಲ್ಲರದೂ ಒಂದೇ ಅಂಗಿಯಾದರೆ ಯಾರ ಮನೆಯಲ್ಲಿ ಏನಿದೆ ಎಂಬುದು ಮೈಮೇಲೆ ಕಾಣುವುದಿಲ್ಲ. ಈ ಮಾತನ್ನು ಹೇಳಿದವನು ನಾನೇ ಎಂಬುದನ್ನು ಒಪ್ಪಿಕೊಳ್ಳಬೇಕು.

ಅಂಗಿಯೊಂದಕ್ಕೆ 280 ರೂಪಾಯಿ ಬಿತ್ತು. ಆಯಾ ಮನೆಯವರೇ ಕೊಡುವುದೆಂದು ನಿಶ್ಚಯವಾಯಿತು. ದೇವಾಲಯದ ಹೊರಗೋಡೆಯ ಸೂಚನಾ ಫಲಕದಲ್ಲಿ ಒಂದು ಹಾಳೆ ಅಂಟಿಸಿದರು: ಹೆಸರು, ಅಳತೆ, ಹಣ ಸಂದಿದೆಯೆ ಇಲ್ಲವೆ. ಸಂದವರ ಮುಂದೆ ಒಂದು ಗುರುತು. ಲೆಕ್ಕ ಚೊಕ್ಕವಾಗಿರಬೇಕೆಂಬುದಷ್ಟೇ ಉದ್ದೇಶ. ಮೂರು ಭಾನುವಾರ ಆ ಹಾಳೆ ಅಲ್ಲಿ ತೂಗಿತು. ಕೊನೆಗೆ ಗುರುತಿಲ್ಲದೆ ಉಳಿದವು ಐದಾರು ಹೆಸರುಗಳು. ಅವುಗಳಲ್ಲಿ ಎರಡು ಒಂದೇ ಮನೆಯ ಅಣ್ಣತಮ್ಮಂದಿರವು. ಅವರಿಬ್ಬರೂ ಶಿಬಿರಕ್ಕೆ ಬರಲಿಲ್ಲ, ಜ್ವರವೆಂದು ತಿಳಿಯಿತು.

ಜೂನ್ ತಿಂಗಳ ಮೊದಲ ಮಳೆಯಲ್ಲಿ ಆ ಹುಡುಗರ ತಾಯಿ ಬಸ್ಸಿನ ನಿಲ್ದಾಣದಲ್ಲಿ ಸಿಕ್ಕಳು. ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ. ಗಂಡ ತೀರಿಕೊಂಡು ಆರು ವರ್ಷ. “ಮಕ್ಕಳ ಜ್ವರ ಇಳಿಯಿತೆ ಅಕ್ಕ?” ಎಂದು ಕೇಳಿದೆ. ಆಕೆ ಕೊಡೆಯನ್ನು ಕೊಡವುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಜ್ವರ ಎಂಥದ್ದೂ ಇರಲಿಲ್ಲ ಮೇಷ್ಟ್ರೇ. ಶಾಲೆ ಸುರುವಾಗುವ ಹೊತ್ತು, ಪುಸ್ತಕ ಉಂಟು, ಕೊಡೆ ಉಂಟು. ಎರಡು ಅಂಗಿಗೆ ಐನೂರ ಅರುವತ್ತು ಎಲ್ಲಿಂದ ತರಲಿ?” ಎಂದಳು. ನಾನು ಅವಸರದಿಂದ, ಅಂಗಿಯಿಲ್ಲದೆ ಬರಬಾರದೆಂದು ಯಾರೂ ಹೇಳಿರಲಿಲ್ಲವಲ್ಲ ಎಂದೆ. “ಹೇಳಲಿಲ್ಲ, ಹೌದು. ಹೇಳಬೇಕಾಗಿಯೂ ಇರಲಿಲ್ಲ” ಎಂದು ಆಕೆ ಬಸ್ಸು ಹತ್ತಿದಳು.

ಹೊಸ ಒಡಂಬಡಿಕೆಯಲ್ಲಿ ಯಾಕೋಬನು ಬರೆದ ಪತ್ರವೊಂದಿದೆ. ಒಳ್ಳೆಯ ಉಡುಪು ಧರಿಸಿ ಬಂದವನಿಗೆ ಸುಖಾಸನವನ್ನೂ ಹರಕು ಬಟ್ಟೆಯವನಿಗೆ ನಿಲ್ಲುವ ಜಾಗವನ್ನೂ ತೋರಿಸುವ ಸಭೆಯನ್ನು ಆತ ಅದರಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ಆ ಭಾಗವನ್ನು ದೇವಾಲಯದಲ್ಲಿ ನಾನೇ ಎಷ್ಟೋ ಸಲ ಗಟ್ಟಿಯಾಗಿ ಓದಿದ್ದೇನೆ. ಅಲ್ಲಿನವರು ಮಾಡಿದ್ದನ್ನು ನಾವು ಸಮಾನತೆಯ ಹೆಸರಿನಲ್ಲೇ ಮಾಡಿದ್ದೆವು, ಅದೂ ಪಟ್ಟಿ ಅಂಟಿಸಿ.

ಮುಂದಿನ ವರ್ಷ, ಅಂದರೆ 2023ರ ಫೆಬ್ರುವರಿಯಲ್ಲಿ, ಹಿರಿಯರ ಸಮಿತಿಯ ಮುಂದೆ ಈ ಸಂಗತಿಯನ್ನು ಹೆಸರು ಹೇಳದೆ ತಿಳಿಸಿದೆ. ಯಾರಿಂದಲೂ ಹಣ ಎತ್ತಬಾರದು, ಅಂಗಿ ಎಲ್ಲರಿಗೂ ಸಿಗಬೇಕು, ಇಲ್ಲವೇ ಯಾರಿಗೂ ಬೇಡ ಎಂಬುದು ನನ್ನ ವಾದ. ಸಮಿತಿ ಒಪ್ಪಿತು. ಶಿಬಿರದ ನಿಧಿಯಿಂದ 18,000 ರೂಪಾಯಿ ಮಂಜೂರು ಮಾಡಿ, 120 ಅಂಗಿಗಳನ್ನು ಅಷ್ಟರಲ್ಲೇ ತರಿಸಬೇಕೆಂದು ನನಗೇ ಆಜ್ಞಾಪಿಸಿತು. ದೂರು ಹೇಳಿದವನ ಹೆಗಲಿಗೇ ಹೊಣೆ ಹೊರಿಸುವುದು ಸಮಿತಿಗಳ ಹಳೆಯ ಜಾಣ್ಮೆ. ತಲೆಗೆ 150 ರೂಪಾಯಿ. ಹೀಗೆ ಹಳಗನ್ನಡ ವ್ಯಾಕರಣ ಕಲಿಸುವವನು ಬನಿಯನ್ ಬಟ್ಟೆಯ ವ್ಯಾಕರಣ ಕಲಿಯಲು ಹೊರಟ.

ನಮ್ಮೂರ ಪೇಟೆಯಲ್ಲಿ ಅಂಗಿಗೆ ಅಚ್ಚುಹಾಕುವ ಒಂದು ಸಣ್ಣ ಅಂಗಡಿಯಿದೆ. ಅದರ ಮಾಲಕರು ಎರಡು ಮಧ್ಯಾಹ್ನ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕೆಲಸ ತೋರಿಸಿದರು. ಸ್ಕ್ರೀನ್ ಪ್ರಿಂಟಿಂಗ್ ಎಂಬ ಹೆಸರನ್ನು ಎಲ್ಲರೂ ಕೇಳಿರುತ್ತಾರೆ, ನೋಡಿದವರು ಕಡಮೆ. ಒಂದು ಚೌಕಟ್ಟಿಗೆ ತೆಳುವಾದ ಜಾಲರಿಯ ಬಟ್ಟೆಯನ್ನು ಬಿಗಿದು, ಬೆಳಕು ತಾಗಿದರೆ ಗಟ್ಟಿಯಾಗುವ ಒಂದು ಲೇಪವನ್ನು ಅದಕ್ಕೆ ಬಳಿಯುತ್ತಾರೆ. ಬೇಕಾದ ಅಕ್ಷರಗಳನ್ನು ಕಪ್ಪಾಗಿ ಅಚ್ಚುಮಾಡಿದ ಪಾರದರ್ಶಕ ಹಾಳೆಯನ್ನು ಅದರ ಮೇಲಿಟ್ಟು ದೀಪ ಹಾಯಿಸುತ್ತಾರೆ. ಅಕ್ಷರದ ಕಪ್ಪು ಎಲ್ಲಿ ಮರೆಯಾಗಿತ್ತೋ ಅಲ್ಲಿ ಲೇಪ ಮೆತ್ತಗೇ ಉಳಿದು, ನೀರು ಬಿಟ್ಟರೆ ತೊಳೆದುಹೋಗುತ್ತದೆ. ಅಂದರೆ ಬೆಳಕು ಬೀಳದ ಕಡೆಯೇ ಅಕ್ಷರ ಮೂಡುವುದು. ಆಮೇಲೆ ಚೌಕಟ್ಟನ್ನು ಅಂಗಿಯ ಮೇಲಿಟ್ಟು, ಶಾಯಿ ಸುರಿದು, ರಬ್ಬರಿನ ಪಟ್ಟಿಯಿಂದ ಒಮ್ಮೆ ಎಳೆದರೆ ಆಯಿತು. ಎಳೆಯುವುದು ಒಂದೆರಡು ಗಳಿಗೆಯ ಕೆಲಸ. ಚೌಕಟ್ಟನ್ನು ಅಣಿಮಾಡುವುದೇ ಶ್ರಮ.

ಖರ್ಚಿನ ಗುಟ್ಟೆಲ್ಲ ಇಲ್ಲಿಯೇ ಇದೆ. ಒಂದೊಂದು ಬಣ್ಣಕ್ಕೂ ಒಂದೊಂದು ಚೌಕಟ್ಟು ಬೇಕು. ಬಟ್ಟೆ ಕಡುಬಣ್ಣದ್ದಾದರೆ ಶಾಯಿ ಎದ್ದು ಕಾಣಲು ಅಡಿಯಲ್ಲಿ ಮೊದಲು ಬಿಳಿಯ ಹೊದಿಕೆ ಹಾಕಬೇಕು. ಅದಕ್ಕೆ ಬೇರೆ ಚೌಕಟ್ಟು. ನಮ್ಮ ಹುಡುಗರು ಬಿಡಿಸಿದ್ದ ಚಿತ್ರದಲ್ಲಿ ಎದೆಗೆ ಮೂರು ಬಣ್ಣ, ಬೆನ್ನಿಗೆ ಎರಡು, ಬಟ್ಟೆ ಕಡುನೀಲಿ. ಬಿಳಿಯ ಹೊದಿಕೆ ಎರಡು ಸೇರಿ ಏಳು ಚೌಕಟ್ಟು. ಚೌಕಟ್ಟಿಗೆ 400 ರೂಪಾಯಿ ಎಂದಿಟ್ಟುಕೊಂಡರೆ 2,800. ಈ ಮೊತ್ತ 120 ಅಂಗಿಗಳ ಮೇಲೆ ಹಂಚಿದಾಗ ಒಂದಕ್ಕೆ 23 ರೂಪಾಯಿ ಚಿಲ್ಲರೆ. ಇಪ್ಪತ್ತೇ ಅಂಗಿ ಮಾಡಿಸುವವರಿಗೆ ಒಂದಕ್ಕೆ 140. ಹದಿನೆಂಟು ಜನರ ಗಾಯನ ಮೇಳಕ್ಕೆ ಏಕೆ ದುಬಾರಿಯಾಯಿತೆಂದು ಅಂಗಡಿಯವನೊಡನೆ ಜಗಳವಾಡುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬೇಕು. ಅಂಥ ಸಣ್ಣ ಸಂಖ್ಯೆಗೆ ಈಗ ಬೇರೊಂದು ದಾರಿಯಿದೆ. ಚಿತ್ರವನ್ನು ತೆಳುಹಾಳೆಯ ಮೇಲೆ ಅಚ್ಚುಮಾಡಿ ಬಿಸಿಯ ಒತ್ತುಯಂತ್ರದಿಂದ ಬಟ್ಟೆಗೆ ಅಂಟಿಸುತ್ತಾರೆ. ಡಿ.ಟಿ.ಎಫ್. ಎನ್ನುತ್ತಾರೆ. ಚೌಕಟ್ಟಿನ ಹಂಗಿಲ್ಲ, ಬಣ್ಣ ಎಷ್ಟಾದರೂ ಸರಿ. ಆದರೆ ದೊಡ್ಡ ಚಿತ್ರವಾದರೆ ಎದೆಯ ಮೇಲೆ ಒಂದು ಹಲಗೆಯಿಟ್ಟಂತೆ ಗಾಳಿಯಾಡುವುದಿಲ್ಲ. ಕಸೂತಿಯ ಯಂತ್ರದ ಕೆಲಸ ಬಾಳಿಕೆಯದು, ಹೊಲಿಗೆಯ ಎಣಿಕೆಯ ಮೇಲೆ ಬೆಲೆ. ಅದು ಹಿರಿಯರ ಜೇಬಿಗೆ ಸರಿ, ಮಕ್ಕಳ ಶಿಬಿರಕ್ಕಲ್ಲ.

ಬಟ್ಟೆಯ ವಿಚಾರ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆಂಬ ಲೆಕ್ಕಕ್ಕೆ ಜಿ.ಎಸ್.ಎಂ. ಎಂದು ಹೆಸರು. ಟೀ ಶರ್ಟುಗಳು ಬಹುಮಟ್ಟಿಗೆ 160ರಿಂದ 180ರ ಆಸುಪಾಸಿನವು. ಅದಕ್ಕಿಂತ ತೀರ ಕೆಳಗೆ ಹೋದರೆ ಬೆವರಿದೊಡನೆ ಮೈ ಕಾಣುತ್ತದೆ. ಹದಿಹರೆಯದ ಹೆಣ್ಣುಮಕ್ಕಳಿರುವ ಕಡೆ ಹತ್ತು ರೂಪಾಯಿ ಉಳಿಸಲು ಹೋಗಿ ಈ ತಪ್ಪು ಮಾಡಬಾರದು. ಆಟದ ಅಂಗಿಯ ಪಾಲಿಯೆಸ್ಟರ್ ಬಟ್ಟೆ ಅಗ್ಗ, ಬಣ್ಣವೂ ಹೊಳೆಯುತ್ತದೆ. ಆದರೆ ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಅದನ್ನು ತೊಟ್ಟು ಮೂರು ದಿನ ಕಳೆದವರನ್ನು ಕೇಳಿ. ನಾವು ಹತ್ತಿಯನ್ನೇ ಹಿಡಿದೆವು.

ಊರಿನ ಅಂಗಡಿಯಲ್ಲೇ ಮಾಡಿಸಬಹುದಿತ್ತು. ಆದರೆ ಆ ವರ್ಷದ ಮೇ 10ರಂದು ವಿಧಾನಸಭೆಯ ಚುನಾವಣೆ. ಮಾರ್ಚ್ ಮುಗಿಯುವುದರೊಳಗೆ ಮಾಲಕರ ಜಗುಲಿಯಲ್ಲಿ ಪಕ್ಷಗಳ ಅಂಗಿಗಳೂ ಟೋಪಿಗಳೂ ರಾಶಿಬಿದ್ದಿದ್ದವು. ಅವರೇ ತಿರುಪ್ಪೂರಿನ ದಾರಿ ತೋರಿಸಿದರು.

ತಮಿಳುನಾಡಿನ ತಿರುಪ್ಪೂರು ಹೆಣಿಗೆ ಬಟ್ಟೆಯ ರಾಜಧಾನಿ. ನಾವು ತೊಡುವ ಬನಿಯನ್ನು, ಟೀ ಶರ್ಟುಗಳ ಬಹುಪಾಲು ಅಲ್ಲಿಂದಲೇ ಬರುವುದು. ಅಗ್ಗವೆಂದು ಸಂತೋಷಪಡುವ ಮೊದಲು ಒಂದು ಮಾತನ್ನು ನೆನೆಯಬೇಕು: ಬಣ್ಣ ಹಾಕುವ ಕಾರ್ಖಾನೆಗಳ ಹೊಲಸು ನೊಯ್ಯಲ್ ಹೊಳೆಯನ್ನು ಕೆಡಿಸಿದ ಕಾರಣಕ್ಕೆ ಮದರಾಸಿನ ಉಚ್ಚ ನ್ಯಾಯಾಲಯ 2011ರಲ್ಲಿ ಅವುಗಳನ್ನು ಮುಚ್ಚಿಸಬೇಕಾಯಿತು. ನಮ್ಮ ಅಗ್ಗದ ಅಂಗಿಗಳ ಬೆಲೆಯಲ್ಲಿ ಒಂದು ಪಾಲನ್ನು ಆ ಹೊಳೆಯೂ ಅದರ ದಂಡೆಯ ರೈತರೂ ತೆತ್ತಿದ್ದಾರೆ.

ತಿಳಿದುಕೊಂಡಾಗ ನನಗೆ ಅಚ್ಚರಿ ತಂದ ಇನ್ನೊಂದು ಸಂಗತಿಯಿದೆ. ಹೆಣಿಗೆಯ ಯಂತ್ರ ಹಲವು ಕಡೆ ವರ್ತುಲಾಕಾರದ್ದು. ಅದರಿಂದ ಬಟ್ಟೆ ಕೊಳವೆಯಂತೆ ಇಳಿಯುತ್ತದೆ. ಕೊಳವೆಯ ಅಗಲ ಮೈಯ ಅಗಲಕ್ಕೆ ಹೊಂದಿದರೆ ಪಕ್ಕದಲ್ಲಿ ಹೊಲಿಗೆಯೇ ಬೇಡ. ಶಿಲುಬೆಯ ಅಡಿಯಲ್ಲಿ ಸಿಪಾಯಿಗಳು ಚೀಟಿ ಹಾಕಿ ಹಂಚಿಕೊಂಡದ್ದು ಹೊಲಿಗೆಯಿಲ್ಲದ ಅಂಗಿಯೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಹೊಲಿಗೆಯಿಲ್ಲದ್ದು ಅಂದು ಅಪರೂಪದ್ದಾಗಿತ್ತು. ಇಂದು ಹೊಲಿಗೆಯ ಖರ್ಚು ಉಳಿಯಿತೆಂಬ ಕಾರಣಕ್ಕೆ ಅಗ್ಗದ್ದು.

ಅಂದಾಜುಗಳು ಬಂದವು. ಹುಡುಗರ ಚಿತ್ರವಿದ್ದ ಹಾಗೆಯೇ, 180ರ ಕಡುನೀಲಿ ಬಟ್ಟೆಗೆ ಏಳು ಚೌಕಟ್ಟುಗಳ ಕೆಲಸ ಮಾಡಿಸಿದರೆ ಅಂಗಿಗೆ 265; ಶೇಕಡ 5ರ ತೆರಿಗೆ ಸೇರಿ 278 ರೂಪಾಯಿ 25 ಪೈಸೆ; ಒಟ್ಟು 33,390. ಕೈಯಲ್ಲಿದ್ದುದು 18,000. ಹುಡುಗರನ್ನು ಕೂರಿಸಿಕೊಂಡು ಒಂದೊಂದೇ ಬಣ್ಣವನ್ನು ಕೀಳುತ್ತ ಬಂದೆ. ಅವರ ಮುಖ ನೋಡಲಾಗುತ್ತಿರಲಿಲ್ಲ. ಕೊನೆಗೆ ಉಳಿದದ್ದು ತಿಳಿನೀಲಿ ಬಟ್ಟೆ, ಕಡುನೀಲಿ ಶಾಯಿ, ಎದೆಯ ಮೇಲೆ ಎರಡೇ ಪದ. ಬಿಳಿಯ ಬಟ್ಟೆ ಇನ್ನೂ ಅಗ್ಗವಾಗುತ್ತಿತ್ತು; ನಮ್ಮ ಕೆಂಪು ಮಣ್ಣಿನಲ್ಲಿ ಅದು ಮೊದಲ ದಿನದ ಸಂಜೆಗೇ ಬಿಳಿಯಾಗಿ ಉಳಿಯದು. ಮಕ್ಕಳ ಅಳತೆಯವು 70, ತಲಾ 140; ದೊಡ್ಡವರವು 50, ತಲಾ 165. ಒಟ್ಟು 18,050. ತೆರಿಗೆ 902 ರೂಪಾಯಿ 50 ಪೈಸೆ. ಲಾರಿಯ ಬಾಡಿಗೆ 600. ಎಲ್ಲ ಸೇರಿ 19,552 ರೂಪಾಯಿ 50 ಪೈಸೆ. ಕೊರತೆ ಬಿದ್ದ ಒಂದೂವರೆ ಸಾವಿರವನ್ನು ಬೆಳೆಹಬ್ಬದ ಹರಾಜಿನಲ್ಲಿ ಉಳಿದಿದ್ದ ದುಡ್ಡಿನಿಂದ ಸ್ತ್ರೀಯರ ಕೂಟದವರು ತುಂಬಿಕೊಟ್ಟರು. ನಮ್ಮ ಬೆಳೆಹಬ್ಬದಲ್ಲಿ ಒಬ್ಬರು ಕೂಗಿಕೊಂಡ ಬೂದುಗುಂಬಳವನ್ನು ಅಲ್ಲಿಯೇ ಮರಳಿ ಕೊಡುತ್ತಾರೆ, ಅದು ಮತ್ತೆ ಹರಾಜಾಗುತ್ತದೆ. ಒಂದೇ ಕಾಯಿ ಏಳು ಸಲ ಮಾರಾಟವಾದದ್ದುಂಟು. ಅರ್ಥಶಾಸ್ತ್ರದ ನನ್ನ ಸಹೋದ್ಯೋಗಿಗಳಿಗೆ ಇದನ್ನು ವಿವರಿಸಿ ಸೋತಿದ್ದೇನೆ.

ನಡುವೆ ಇನ್ನೊಂದು ದಾರಿ ತೆರೆದಿತ್ತು. ಸಭೆಯವರೇ ಆದ ಒಬ್ಬ ವ್ಯಾಪಾರಿಗಳು 10,000 ರೂಪಾಯಿ ಕೊಡಲು ಮುಂದಾದರು. ಬೆನ್ನಿನ ಮೇಲೆ ಅವರ ಅಂಗಡಿಯ ಹೆಸರು ಇರಬೇಕು. ಸಮಿತಿ ಇಬ್ಭಾಗವಾಯಿತು. ಮಕ್ಕಳ ಬೆನ್ನನ್ನು ಬಾಡಿಗೆಗೆ ಕೊಡಬೇಕೆ ಎಂದು ನಾನು ಕೇಳಿದೆ. ನನ್ನ ಎದುರಿಗೇ ಕೂತಿದ್ದ ಹಿರಿಯ ಹೆಂಗಸೊಬ್ಬರು, “ಫ್ಯಾನಿನ ರೆಕ್ಕೆಯ ಮೇಲೆ ಹೆಸರಿದೆ, ಬೆಂಚಿನ ಬೆನ್ನಿನ ಮೇಲೆ ಹೆಸರಿದೆ, ಗಡಿಯಾರದಲ್ಲಿಯೂ ಇದೆ. ಅಂಗಿಗೆ ಮಾತ್ರ ಏಕೆ ಮೈಲಿಗೆ?” ಎಂದರು. ಅದಕ್ಕೆ ಸರಿಯಾದ ಉತ್ತರ ನನಗೆ ಇಂದಿಗೂ ಹೊಳೆದಿಲ್ಲ. ಬೆಂಚಿಗೆ ನಾಚಿಕೆಯಿಲ್ಲ, ಮಗುವಿಗೆ ಉಂಟು ಎಂದಷ್ಟೇ ತೋಚಿತು, ಅದನ್ನು ಹೇಳಿದೆ. ಒಂದು ಮತದ ಅಂತರದಿಂದ ಅಂಗಡಿಯ ಹೆಸರು ಬೇಡವೆಂದಾಯಿತು. ವ್ಯಾಪಾರಿಗಳು ಮುನಿಯಲಿಲ್ಲ. ಶಿಬಿರದ ಮೂರು ದಿನವೂ ಮಜ್ಜಿಗೆ ಕಳಿಸಿಕೊಟ್ಟರು. ಮಜ್ಜಿಗೆಯ ಲೋಟಗಳ ಮೇಲೆ ಅಂಗಡಿಯ ಹೆಸರಿತ್ತು.

ಫ್ಯಾನಿನ ಮಾತೆತ್ತಿದ ಆ ಹಿರಿಯರೇ ಅಳತೆಯ ಕೆಲಸವನ್ನು ವಹಿಸಿಕೊಂಡರು. ನಲವತ್ತು ವರ್ಷ ಹೊಲಿಗೆಯಿಂದ ಬದುಕಿದವರು, ಊರಿಗೆಲ್ಲ ಹೊಲಿಗೆಯಮ್ಮ. ಹಿಂದಿನ ವರ್ಷ ನಾವು ವಯಸ್ಸು ಕೇಳಿ ಅಳತೆ ಬರೆದಿದ್ದೆವು. ಹತ್ತು ವರ್ಷದವನ ಅಂಗಿ ಹತ್ತು ವರ್ಷದ ಇನ್ನೊಬ್ಬನಿಗೆ ಮೊಣಕಾಲಿನವರೆಗೆ ಬಂದಿತ್ತು. ದೊಡ್ಡವರ ಗತಿ ಬೇರೆ. ಎಲ್ಲರೆದುರು ‘ಡಬಲ್ ಎಕ್ಸೆಲ್’ ಎಂದು ಹೇಳಲು ನಾಚಿ ಒಂದಳತೆ ಕಡಮೆ ಬರೆಸಿದವರು ಅಂಗಿಯನ್ನು ತೊಡಲೇ ಇಲ್ಲ. ಹೊಲಿಗೆಯಮ್ಮ ಆರಾಧನೆ ಮುಗಿದ ಮೇಲೆ ಒಳಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆದು, ಟೇಪು ಹಿಡಿದು, ಇಂಚಿನ ಸಂಖ್ಯೆಯನ್ನಷ್ಟೇ ಬರೆದುಕೊಂಡರು. 36, 38, 40. ಅಕ್ಷರವೂ ಇಲ್ಲ, ಗಟ್ಟಿಯಾಗಿ ಓದುವುದೂ ಇಲ್ಲ. ತಿರುಪ್ಪೂರಿನವರು ಕೊಡುವ ಅಳತೆ ಮೈಯದೋ ಅಂಗಿಯದೋ ಎಂದು ಕೇಳಿ ತಿಳಿಯದೆ ಮುಂಗಡ ಕೊಡಬೇಡಿ ಎಂದು ಎಚ್ಚರಿಸಿದವರೂ ಅವರೇ. ಮೊದಲೇ ಕುಗ್ಗಿಸದ ಹತ್ತಿ ಬಟ್ಟೆ ಒಂದೆರಡು ಒಗೆತಕ್ಕೆ ಶೇಕಡ 5ರಷ್ಟು ಕುಗ್ಗುವುದುಂಟು. ನಲವತ್ತರ ಅಂಗಿ ಮೂವತ್ತೆಂಟಾದಾಗ ಬೈಗುಳ ಅಂಗಿ ತರಿಸಿದವನಿಗೆ. ಟೀ ಶರ್ಟು ತೊಡಲೊಲ್ಲದ ಅಜ್ಜಿಯರಿಗೆ ಅದೇ ಬಣ್ಣದ ಶಾಲು ಸಾಕೆಂದೂ ಅವರೇ ತೀರ್ಮಾನಿಸಿದರು.

ಅಳತೆ ತೆಗೆಯುವ ಬಿಡುವಿನಲ್ಲಿ ಅವರು ಒಂದು ಮಾತು ಹೇಳಿದರು: “ನನ್ನ ಅಜ್ಜ ಮಂಗಳೂರಿನ ನೇಯ್ಗೆ ಕಾರ್ಖಾನೆಯಲ್ಲಿ ಮಗ್ಗದ ಮುಂದೆ ಕೂತವರು. ಈಗ ನಾವು ತಿರುಪ್ಪೂರಿಗೆ ಕಾಗದ ಬರೆಯುತ್ತೇವೆ.” ಆಡುಮಾತಿನಂತೆ ಬಂದ ಈ ಮಾತಿನ ಹಿಂದೆ ದೊಡ್ಡ ಕಥೆಯೇ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರನ್ನು ಕನ್ನಡ ಓದುಗರು ಸಾಮಾನ್ಯವಾಗಿ ಅಚ್ಚುಕೂಟದಿಂದಲೂ, ಮೊಗ್ಲಿಂಗರ ಪತ್ರಿಕೆಯಿಂದಲೂ, 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟಿನಿಂದಲೂ ನೆನೆಯುತ್ತಾರೆ. ಆದರೆ ಕ್ರೈಸ್ತರಾದೊಡನೆ ಮನೆಮಠ, ಕುಲಕಸುಬು ಎರಡನ್ನೂ ಕಳೆದುಕೊಂಡ ಬಡವರಿಗೆ ನಿಘಂಟಿಗಿಂತ ಮೊದಲು ಬೇಕಾದದ್ದು ಅನ್ನ. ಅದಕ್ಕಾಗಿ ಮಗ್ಗಗಳು ಬಂದವು, ಆಮೇಲೆ ಹಂಚಿನ ಕಾರ್ಖಾನೆ ಬಂತು. 1851ರಲ್ಲಿ ಬಂದ ಜಾನ್ ಹಾಲರ್ ಸ್ವತಃ ನೇಯ್ಗೆ ಬಲ್ಲವರು. ಖಾಕಿ ಬಣ್ಣ ಹುಟ್ಟಿದ್ದೇ ಅವರ ಕೈಯಲ್ಲಿ, ನಮ್ಮ ಮಂಗಳೂರಿನಲ್ಲಿ, ಎಂದು ಕರಾವಳಿಯಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಅದಕ್ಕೂ ಕೆಲವು ವರ್ಷ ಮುಂಚೆಯೇ ವಾಯವ್ಯ ಗಡಿಯ ಸೈನ್ಯದ ತುಕಡಿಯೊಂದು ಧೂಳಿನ ಬಣ್ಣದ ಬಟ್ಟೆ ತೊಟ್ಟಿತ್ತು. ಆದ್ದರಿಂದ ಆ ಹೆಮ್ಮೆಯನ್ನು ಸ್ವಲ್ಪ ತಗ್ಗಿಸಿಕೊಳ್ಳುವುದು ಒಳ್ಳೆಯದು. ಮೊದಲ ಮಹಾಯುದ್ಧದ ಕಾಲದಲ್ಲಿ ಶತ್ರುಗಳ ಸ್ವತ್ತೆಂದು ಆ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ, ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಅಂತೂ ಬಡವನ ಕೈಗೆ ಬಟ್ಟೆಯಿಂದ ಕೂಲಿ ಬರುವಂತೆ ಮಾಡಿದ ಪರಂಪರೆಯವರು ನಾವು, ಬಡವನ ಕೈಯಿಂದ ಬಟ್ಟೆಗೆಂದು 560 ರೂಪಾಯಿ ಕೇಳಿದ್ದೆವು.

ಇನ್ನು ನನ್ನ ಸ್ವಂತ ಅಪರಾಧ. ಎದೆಯ ಮೇಲಿನ ಎರಡು ಪದಗಳನ್ನು ಆಯ್ದವನು ನಾನು: ‘ಬೆಳಕಿನ ಮಾರ್ಗ’. ಇಸವಿಯನ್ನು ಹಾಕಬಾರದೆಂದು ಹಟಹಿಡಿದೆ. ಇಸವಿ ಅಚ್ಚಾದ ಅಂಗಿ ಮರುವರ್ಷಕ್ಕೆ ಹಳೆಯ ಪಂಚಾಂಗ. ಹಾಕದಿದ್ದರೆ ಅಣ್ಣನದು ತಮ್ಮನಿಗೆ ಬರುತ್ತದೆ. ಇಷ್ಟೆಲ್ಲ ಮುಂದಾಲೋಚನೆ ಮಾಡಿದವನು ಆ ಎರಡು ಪದಗಳನ್ನು ಕಂಪ್ಯೂಟರಿನ ಹಳೆಯ ಅಕ್ಷರಶೈಲಿಯೊಂದರಲ್ಲಿ ಬೆರಳಚ್ಚು ಮಾಡಿ ಕಳಿಸಿಬಿಟ್ಟೆ. ಆ ಶೈಲಿ ಇಲ್ಲದ ಯಂತ್ರದಲ್ಲಿ ತೆರೆದಾಗ ಅದು ಕನ್ನಡವಾಗಿ ಕಾಣಿಸುವುದಿಲ್ಲ. ಅಕ್ಷರಗಳನ್ನು ರೇಖಾಚಿತ್ರವಾಗಿ ಮಾರ್ಪಡಿಸಿ ಕಳಿಸಬೇಕಿತ್ತು. ಅಲ್ಲಿ ಕನ್ನಡವರಿಯದ ಯಾರೋ ಪಾಪ, ನಾನು ಜೊತೆಗೆ ಬರೆದಿದ್ದ ಕೈಬರಹ ನೋಡಿ ಚಿತ್ರ ಬಿಡಿಸಿದಂತೆ ಮತ್ತೆ ಜೋಡಿಸಿದ್ದಾರೆ. ಒಪ್ಪಿಗೆಗೆಂದು ನನ್ನ ಮೊಬೈಲಿಗೆ ಅದರ ಪ್ರತಿ ಬಂದ ಹೊತ್ತಿನಲ್ಲಿ ನಾನು ಮತಗಟ್ಟೆ ಅಧಿಕಾರಿಗಳ ತರಬೇತಿಯಲ್ಲಿ ಕೂತಿದ್ದೆ. ಕನ್ನಡಕ ಚೀಲದಲ್ಲಿತ್ತು. ಓದುವ ಕಣ್ಣು ಇರುವುದನ್ನು ನೋಡುವುದಿಲ್ಲ, ಇರಬೇಕಾದುದನ್ನು ನೋಡುತ್ತದೆ. “ಸರಿಯಿದೆ” ಎಂದು ಉತ್ತರ ಕಳಿಸಿದೆ.

ಪೆಟ್ಟಿಗೆ ಬಿಚ್ಚಿದಾಗ ನೂರಿಪ್ಪತ್ತು ಎದೆಗಳ ಮೇಲೂ ಹೀಗಿತ್ತು: ‘ಬೆಳಕಿನ ಮಾಗ ೯’.

ಅರ್ಕಾವೊತ್ತಿನ ಸ್ಥಾನದಲ್ಲಿ ಒಂಬತ್ತರ ಅಂಕಿಯನ್ನು ಬರೆಯುವ ಬೀದಿಫಲಕಗಳನ್ನು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹಾಸ್ಯಮಾಡುವವನು ನಾನು. ಆ ಫಲಕಗಳಲ್ಲಾದರೂ ಒಂಬತ್ತು ಅಕ್ಷರಕ್ಕೆ ಅಂಟಿಕೊಂಡಿರುತ್ತದೆ. ಇಲ್ಲಿ ಅದು ಒಂದು ಬೆರಳಿನಷ್ಟು ದೂರ ಸರಿದು ನಿಂತಿತ್ತು. ಮೊದಲು ನೋಡಿದ ಹುಡುಗಿ, “ಮೇಷ್ಟ್ರೇ, ಮಾಗ ಒಂದರಿಂದ ಎಂಟರವರೆಗೆ ಯಾರಿಗೆ ಕೊಟ್ಟಿರಿ?” ಎಂದಳು. ಮುದ್ರಿಸಿದವರನ್ನು ದೂರುವಂತಿರಲಿಲ್ಲ, ನನ್ನ ಒಪ್ಪಿಗೆ ಅವರ ಬಳಿ ಬರಹದಲ್ಲಿಯೇ ಇತ್ತು. ಮತ್ತೆ ಮಾಡಿಸಲು ಹಣವೂ ಇಲ್ಲ, ದಿನವೂ ಇಲ್ಲ. ನನ್ನ ಸಂಬಳದಿಂದ ಕೊಡುತ್ತೇನೆಂದು ಸಭಾಪಾಲಕರ ಮನೆಗೆ ಹೋದೆ. ಅವರು ಅಂಗಿಯೊಂದನ್ನು ಎತ್ತಿಹಿಡಿದು ಬಹಳ ಹೊತ್ತು ನೋಡಿ, “ಎಲ್ಲದರಲ್ಲೂ ಒಂದೇ ತಪ್ಪಿದೆಯಲ್ಲ ಮೇಷ್ಟ್ರೇ. ಒಬ್ಬನದು ಸರಿ, ಒಬ್ಬನದು ತಪ್ಪು ಎಂದಾಗಿದ್ದರೆ ತೊಂದರೆಯಿತ್ತು” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಶಿಬಿರದ ಮೊದಲ ಸಂಜೆಗೆ ‘ಮಾಗ ಒಂಬತ್ತು’ ಎಂಬುದು ಮಕ್ಕಳ ಜಯಕಾರವಾಗಿತ್ತು. ಹಗ್ಗಜಗ್ಗಾಟದಲ್ಲಿ ಅದನ್ನು ಕೂಗಿಯೇ ಎಳೆದರು. ನಾನೂ ಅದೇ ಅಂಗಿ ತೊಟ್ಟುಕೊಂಡು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಮೂರು ದಿನ ಓಡಾಡಿದೆ.

ಅಣ್ಣತಮ್ಮಂದಿರಿಬ್ಬರೂ ಬಂದಿದ್ದರು. ಸೂಚನಾ ಫಲಕದಲ್ಲಿ ಆ ವರ್ಷ ಹಾಳೆಯಿರಲಿಲ್ಲ. ದೊಡ್ಡವನ ಅಂಗಿ ಅಳತೆಗೆ ಸರಿಯಾಗಿತ್ತು. ಚಿಕ್ಕವನಿಗೆ ಅತಿ ಚಿಕ್ಕ ಅಳತೆಯೂ ಉದ್ದವಾಗಿ, ತಾಯಿ ಅಂಚನ್ನು ಒಳಕ್ಕೆ ಮಡಿಚಿ ದೊಡ್ಡ ದೊಡ್ಡ ಹೊಲಿಗೆ ಹಾಕಿ ಕಳಿಸಿದ್ದಳು. 2024ರಲ್ಲಿ ಹೊಸ ಅಂಗಿ ತರಿಸಲಿಲ್ಲ. ಗಿಡ್ಡವಾದುದನ್ನು ತಂದು ಉದ್ದನೆಯದನ್ನು ಒಯ್ಯಿರಿ ಎಂದು ದೇವಾಲಯದ ಹಿಂದಿನ ಕೋಣೆಯಲ್ಲಿ ಹೊಲಿಗೆಯಮ್ಮ ಒಂದು ಪೆಟ್ಟಿಗೆ ಇಟ್ಟರು. ಕಡಮೆಬಿದ್ದ ಇಪ್ಪತ್ತಕ್ಕೆ ಮಾತ್ರ ಬೇರೆ ಕಡೆ ಅಚ್ಚುಹಾಕಿಸಿದೆವು. ಆ ಇಪ್ಪತ್ತರಲ್ಲಿ ಅರ್ಕಾವೊತ್ತು ತನ್ನ ಸ್ಥಾನದಲ್ಲಿಯೇ ಇತ್ತು. ಅವನ್ನು ಪಡೆದ ಮಕ್ಕಳಲ್ಲಿ ಇಬ್ಬರು ಬಂದು, ನಮಗೂ ಒಂಬತ್ತು ಇರುವುದನ್ನೇ ಕೊಡಿ ಎಂದು ಕೇಳಿದರು.

ಈಚೆಗೆ ಒಂದು ಸಂಜೆ ಆ ಚಿಕ್ಕ ಹುಡುಗ ಮೀನಿನ ಚೀಲ ಹಿಡಿದು ನಮ್ಮ ಮನೆಯ ಮುಂದೆ ಹೋಗುತ್ತಿದ್ದ. ಅದೇ ಅಂಗಿ. ಎದೆಯ ಶಾಯಿ ಬಿರುಕುಬಿಟ್ಟು ‘ಬೆಳಕಿನ’ ಅರ್ಧ ಅಳಿಸಿತ್ತು. ‘ಮಾಗ ೯’ ಮಾತ್ರ ಗಟ್ಟಿಯಾಗಿತ್ತು. ತಾಯಿ ಕೆಳಗಿನ ಹೊಲಿಗೆಯನ್ನು ಬಿಚ್ಚಿದ್ದಳು. ಬಟ್ಟೆಯೆಲ್ಲ ಬಿಸಿಲಿಗೆ ಬೂದಿಯ ಬಣ್ಣಕ್ಕೆ ತಿರುಗಿದ್ದರೂ ಮಡಿಕೆ ಬಿಚ್ಚಿದ ಎರಡು ಬೆರಳಗಲದ ಅಂಚು ತಿರುಪ್ಪೂರಿನಿಂದ ಬಂದ ದಿನದ ಹಾಗೆಯೇ ನೀಲಿಯಾಗಿತ್ತು.